ಡ್ರೈವರನ ಹೆಸರು

ಸರಕು ಗಾಡಿಯಲ್ಲಿ ಜನ ತುಂಬಿಕೊಂಡು ಓಡಾಡುವವರನ್ನು ಜಿಲ್ಲೆಯಲ್ಲೇ ಹೆಚ್ಚು ಹಿಡಿದವಳೆಂದು ಆರ್‌ಟಿಓ ಇನ್‌ಸ್ಪೆಕ್ಟರ್ ಪುಷ್ಪಾವತಿಗೆ ಹಾವೇರಿಯ ಬಯಲು ವೇದಿಕೆಯಲ್ಲಿ ಸನ್ಮಾನ. ಶಾಲು ಹೊದಿಸಿ ಹಾರ ಹಾಕುತ್ತಿದ್ದಂತೆಯೇ ಗೇಟಿನೊಳಗೆ ಒಂದು ಸರಕು ಗಾಡಿ ನುಗ್ಗಿತು. ಹಿಂದೆ ಸನ್ಮಾನ ನೋಡಲು ಬಂದ ಅವಳದೇ ರಾಣೇಬೆನ್ನೂರು ಕಡೆಯ ಬಳಗವೆಲ್ಲ ಒತ್ತೊತ್ತಾಗಿ ನಿಂತು ಕೈಬೀಸುತ್ತಿತ್ತು. ಸ್ಟೇರಿಂಗ್ ಹಿಡಿದು ಹಲ್ಲು ಕಿರಿಯುತ್ತಿದ್ದವನು ಅವಳ ಗಂಡ!

ಪುಷ್ಪಾವತಿಗೆ ಮೈಯೆಲ್ಲ ಉರಿಯಿತು. ಮರುಕ್ಷಣವೇ ನಗು ಉಕ್ಕಿ ಬಂತು. ಮೈಕು ಕಸಿದುಕೊಂಡು ಕೂಗಿದಳು: "ಮುಸ್ತಾಕ್, ಆ ಗಾಡಿ ಹಿಡೀರಿ! ಕೇಸ್ ಬರೀರಿ!"

ಕೆಳಗೆ ನಿಂತಿದ್ದ ಸಹೋದ್ಯೋಗಿ ಮುಸ್ತಾಕ್ ಬೇಕೆಂದೇ ಕೇಳಿದ: "ಡ್ರೈವರ್ ಹೆಸರೇನ್ರಿ ಮೇಡಂ?"

ಪುಷ್ಪಾವತಿ ಮೈಕನ್ನು ಬಾಯಿಂದ ದೂರ ಸರಿಸಿದಳು. ಮದುವೆಯಾಗಿ ಹನ್ನೆರಡು ವರ್ಷವಾದರೂ ಗಂಡನ ಹೆಸರನ್ನು ಅವಳು ಪ್ರಾಸ ಕಟ್ಟಿದ ಒಡಪದಲ್ಲಲ್ಲದೆ ಸುಮ್ಮನೆ ಬಾಯಿಬಿಟ್ಟು ಹೇಳಿದವಳೇ ಅಲ್ಲ.

"ಒಡಪ ಹಾಕಿ ಹೇಳವಾ!" ಎಂದು ಗಾಡಿಯ ಮೇಲಿಂದಲೇ ಅತ್ತೆ ಮಂಗಳವ್ವ ಅರಚಿದಳು. ವೇದಿಕೆಯ ಮೇಲಿದ್ದ ಸಾಹೇಬರೂ ಸಿಳ್ಳೆ ಹಾಕಿದರು.

ಪುಷ್ಪಾವತಿ ಸನ್ಮಾನದ ಶಾಲನ್ನೇ ತಲೆಯ ಮೇಲೆ ಎಳೆದುಕೊಂಡು ರಾಗ ತೆಗೆದಳು:

"ಬ್ಯಾಡಗಿ ಮೆಣಸಿನಕಾಯಿ ಕೆಂಪ,
ಸರಕಿನ ಗಾಡ್ಯಾಗ ಮಂದಿ ಗುಂಪ,
ಕೇಸ್ ಬರಕೊಳ್ರಿ, ನಮ್ಮನಿಯವರು ಗುಡದಪ್ಪ!"