ಅವಳ ಪಾಲಿನ ರೊಟ್ಟಿ

ಈ ಮೆತ್ತೆಯ ಹೊಲಿಗೆ ಬಿಟ್ಟಿದೆ, ಮಂಡಿಗೆ ಹತ್ತಿ ತಾಗುತ್ತಿದೆ, ಯಾರು ಹೊಲಿದರೋ, ನನ್ನ ದರ್ಜಿಯ ಕಣ್ಣು ಚರ್ಚಿನಲ್ಲೂ ಸುಮ್ಮನಿರುವುದಿಲ್ಲ — ಸಭಾಪಾಲಕರು ಆ ತುದಿಯಿಂದ ತಟ್ಟೆ ಹಿಡಿದು ಬರುತ್ತಿದ್ದಾರೆ, ನಮಗಿಂತ ಮೊದಲು ಇನ್ನು ಐದು ಜನ, ಪಕ್ಕದಲ್ಲಿ ಮಗಳು ನನ್ನ ಹಾಗೆಯೇ ಮಂಡಿಯೂರಿ ಅಂಗೈ ಮೇಲೆ ಅಂಗೈ ಇಟ್ಟು ಕಾಯುತ್ತಿದ್ದಾಳೆ, ಮೂವತ್ತೆರಡು ವರ್ಷ ಇವಳಿಗೆ, ಬುದ್ಧಿ ಮಾತ್ರ ಆರು ದಾಟಿಲ್ಲ ಎನ್ನುತ್ತಾರೆ ಡಾಕ್ಟರು, ಅಂಗಡಿಯಲ್ಲಿ ಸಾವಿರ ಗುಂಡಿ ಸುರಿದರೂ ಅಳತೆ ತಪ್ಪದೆ ವಿಂಗಡಿಸುತ್ತಾಳೆ, ಗಿರಾಕಿಗಳಿಗೆಲ್ಲ ಇವಳು ಗುಂಡಿರಾಣಿ, ಇಲ್ಲಿ ಮಾತ್ರ ಪ್ರತಿ ಸಲವೂ ತಲೆ ಮೇಲೆ ಕೈ, ದೇವರು ಆಶೀರ್ವದಿಸಲಿ ಮಗಳೇ, ಮುಂದಿನವರಿಗೆ ರೊಟ್ಟಿ. ದೀಕ್ಷಾಸ್ನಾನ ಆಗಿದೆಯಮ್ಮ, ಸರಿ, ತರಗತಿಯ ಪಾಠ ಒಪ್ಪಿಸಿ ದೃಢೀಕರಣ ಆಗದೆ ಈ ರೊಟ್ಟಿ, ಕರ್ತನ ಭೋಜನ, ಹೇಗೆ ಕೊಡೋದು, ಅವಳಿಗೆ ಅರ್ಥ ಆಗಬೇಕಲ್ವಾ — ಸಭೆಯ ಹಿರಿಯರು, ಹೆಡ್‌ಮಾಸ್ಟರಾಗಿದ್ದವರು, ಮೊನ್ನೆ ಪ್ಯಾಂಟು ಮೋಟು ಮಾಡಿಸಲು ಬಂದಾಗಲೂ ಅದೇ ಪಾಠ. ಎಂಟು ವಾರ ತರಗತಿಗೆ ಕಳಿಸಿದೆ, ಈ ರೊಟ್ಟಿ ಏನು ಹೇಳು ಅಂದರೆ ಊಟ ಅಂದಳಂತೆ, ಎಲ್ಲರೂ ನಕ್ಕರಂತೆ, ಭೋಜನ ಅಂದರೆ ಊಟ ಅಲ್ಲದೆ ಇನ್ನೇನು ಸ್ವಾಮಿ? ನಾನು ಹದಿನಾಲ್ಕಕ್ಕೆ ಗಿಳಿಪಾಠ ಒಪ್ಪಿಸಿದವಳು, ಮನಸ್ಸೆಲ್ಲ ಹೊಸ ಚಪ್ಪಲಿಯ ಮೇಲೆ, ಒಂದಕ್ಷರ ತಿಳಿದಿರಲಿಲ್ಲ, ನನಗೆ ಸಿಕ್ಕಿತು. ಹನ್ನೊಂದು ವರ್ಷದಿಂದ ಒಡಹುಟ್ಟಿದವನ ಜೊತೆ ಮಾತು ಬಿಟ್ಟ ಹೆಡ್‌ಮಾಸ್ಟರಿಗೂ ಸಿಗುತ್ತದೆ, ಆ ತಮ್ಮ ಹಿಂದಿನ ಬೆಂಚಿನಲ್ಲೇ ಕೂತಿರುತ್ತಾನೆ, ನಿಮಗೆ ಅರ್ಥ ಆಯ್ತಾ ಸಾರ್ ಎಂದು ಯಾರೂ ಕೇಳಿಲ್ಲ. ಹೋದ ತಿಂಗಳು ಮನೆಗೆ ನಡೆಯುತ್ತಾ ಇವಳು ತಟ್ಟನೆ ನಿಂತಳು, ಅಮ್ಮಾ, ನಾನೇನು ತಪ್ಪು ಮಾಡ್ದೆ ಅಂದಳು, ನೀನೇನೂ ಮಾಡಿಲ್ಲ ಕಣೇ, ತಪ್ಪು ನಂದು, ಇಷ್ಟು ವರ್ಷ ಬಾಯಿ ಹೊಲ್ಕೊಂಡು ಕೂತೆ.

ಸಭಾಪಾಲಕರು ಬಂದರು, ಕ್ರಿಸ್ತನ ದೇಹ ಅಂದರು, ನನ್ನ ಅಂಗೈಗೆ ಒಂದು ತುಂಡು ಬಿತ್ತು, ಅವರ ಕೈ ಆಗಲೇ ಇವಳ ತಲೆಯತ್ತ ಏಳುತ್ತಿದೆ — ಮುರಿದೆ, ದೊಡ್ಡ ಚೂರನ್ನು ಅವಳ ಅಂಗೈಯಲ್ಲಿಟ್ಟೆ, ಪಿಸುಗುಟ್ಟದೆ ಎಲ್ಲರಿಗೂ ಕೇಳುವ ಹಾಗೆ ಅಂದೆ, ತಗೋ, ತಿನ್ನು. ಸಭಾಪಾಲಕರ ಕೈ ಗಾಳಿಯಲ್ಲೇ ನಿಂತಿತು. ಹಿಂದೆ ದ್ರಾಕ್ಷಾರಸದ ಪಾತ್ರೆ ಹಿಡಿದ ಹೆಡ್‌ಮಾಸ್ಟರು, ಏನಮ್ಮಾ ಇದು, ಇಲ್ಲೆಲ್ಲ ನಿನ್ನಿಷ್ಟ ನಡೆಯಲ್ಲ ಅಂದರು, ನಡೆಯದಿದ್ದರೆ ಬೇಡ ಸಾರ್, ಎಲ್ಲರೂ ತಗೊಳ್ಳಿ ಅಂತ ಈಗ ತಾನೇ ಓದಿದ್ರಲ್ಲ, ಎಲ್ಲರೂ ಅಂದ್ರೆ ಯಾರ್ಯಾರು, ಹೆಸರು ಹೇಳಿ, ಅದರಲ್ಲಿ ಇವಳಿಲ್ಲ ಅಂದ್ರೆ ನಾನೂ ಎದ್ದು ಹೋಗ್ತೀನಿ ಅಂದೆ. ಸಾಲಿನಲ್ಲಿ ಯಾರೋ ಕೆಮ್ಮಿದರು. ಇವಳು ನಿಧಾನವಾಗಿ ಅಗಿದು, ನುಂಗಿ, ಆಮೆನ್ ಅಂದಳು, ಚಾವಣಿಗೆ ಮುಟ್ಟುವಷ್ಟು ಜೋರಾಗಿ. ಸಭಾಪಾಲಕರು ನನ್ನನ್ನು ನೋಡಲಿಲ್ಲ, ಅವಳನ್ನೇ ನೋಡಿದರು, ಪಾತ್ರೆ ಕೊಡಿ ಮಾಸ್ಟ್ರೇ ಅಂದರು, ಮಾಸ್ಟರ ಬೆರಳು ಬಿಡಲೊಲ್ಲದು, ಕೊಡಿ ಅಂದೆನಲ್ಲ, ಬಾಗಿದರು, ಅವರೇ ಬಾಗಿದರು, ಪಾತ್ರೆಯ ಅಂಚು ಅವಳ ತುಟಿಗೆ, ಅವಸರಕ್ಕೆ ಚೂರು ತುಳುಕಿ ಗದ್ದದ ಮೇಲೆ ಒಂದು ಹನಿ, ಸೆರಗಿನಿಂದ ಒರೆಸಬೇಕು, ಕೈ ಏಳುತ್ತಿಲ್ಲ, ನೋಡಲಿ ಎಲ್ಲರೂ, ಕೆಂಪು ಹನಿ, ಗದ್ದದ ಮೇಲೆ, ಇಳಿಯದೆ ನಿಂತ ಹನಿ, ಆ ಹನಿ —