ತೊಟ್ಟಿಲಾದ ದ್ರಾಕ್ಷಿ ಪೆಟ್ಟಿಗೆ

ನಾನು ಒಂದು ರಟ್ಟಿನ ಪೆಟ್ಟಿಗೆ. ಮೈಮೇಲಿನ ದ್ರಾಕ್ಷಿಗೊಂಚಲಿನ ಚಿತ್ರ ನೋಡಿ ಮೋಸ ಹೋಗಬೇಡಿ. ನಾನು ಹುಟ್ಟಿದ್ದು ಸಮುದ್ರದಾಚೆ, ದ್ರಾಕ್ಷಿ ತೋಟದ ಶೆಡ್ಡಿನಲ್ಲಿ. ನನ್ನನ್ನು ಮಡಿಚಿ ನಿಲ್ಲಿಸಿದವಳು ಎಲ್ವಿರಾ. ದಿನವಿಡೀ ನಿಂತೇ ಹಣ್ಣು ತುಂಬಿ, ಮೇಲೊಂದು ಬಿಳಿ ಹಾಳೆ ಹೊದಿಸುತ್ತಿದ್ದಳು. ಹಣ್ಣು ಕೊಳೆಯದಿರಲೆಂದು ಅದರೊಳಗೆ ಗಂಧಕದ ಉಪ್ಪಿನ ಪುಡಿ ಇರುತ್ತದೆ. ಹಾಳೆ ನೆನೆದರೆ ಘಾಟು ಏಳುತ್ತದೆ. ಪಾಪ, ಕೆಮ್ಮಿ ಕೆಮ್ಮಿ ಅವಳ ಎದೆ ಹುಣ್ಣಾಗಿತ್ತು. ಅವರೂರ ಹೊಳೆಯನ್ನು ತೋಟವೇ ಕುಡಿದು ಮುಗಿಸಿದೆಯಂತೆ, ಕುಡಿಯೋಕೆ ಟ್ಯಾಂಕರ್ ನೀರೇ ಗತಿಯಂತೆ. ಹೆಂಗಸರು ಹಾಗೆ ಮಾತಾಡಿಕೊಳ್ಳುತ್ತಿದ್ದರು.

ಹಡಗಿನ ಚಳಿಯಲ್ಲಿ ಮರಗಟ್ಟಿ, ಕೊನೆಗೆ ದಾವಣಗೆರೆಯಲ್ಲಿ ಕರಿಬಸಮ್ಮನ ತಳ್ಳುಗಾಡಿ ಸೇರಿದೆ. ಮೊದಲು ಸುತ್ತಲ ಹಳ್ಳಿಗಳ ಸೀಬೆ, ಸೀತಾಫಲ ಮಾರುತ್ತಿದ್ದವಳು. ಈಗ ಅವನ್ನು ಯಾರು ಕೇಳುತ್ತಾರೆ? ಅಗ್ಗದ ಫಾರಿನ್ ದ್ರಾಕ್ಷಿ ಅಂದರೆ ಜನ ಮುಗಿಬೀಳುತ್ತಾರೆ. ಮಧ್ಯಾಹ್ನದೊಳಗೆ ನಾನು ಖಾಲಿ.

ಕರಿಬಸಮ್ಮನ ಮಗಳು ಗಾರ್ಮೆಂಟ್ಸಿಗೆ ಹೋಗುವಾಗ ತನ್ನ ಐದು ತಿಂಗಳ ಕೂಸನ್ನು ತಾಯಿಯ ಹತ್ತಿರ ಬಿಡುತ್ತಿದ್ದಳು. ಅದನ್ನು ಮಲಗಿಸಲು ಕರಿಬಸಮ್ಮ ನನ್ನನ್ನು ಗಾಡಿಯ ನೆರಳಿಗಿಟ್ಟಳು. ಗಾಡಿ ಹೆಂಗಸರು ಹಣ್ಣಿನ ಜೊತೆ ಬಂದದ್ದು ಯಾವುದನ್ನೂ ಬಿಸಾಡುವವರಲ್ಲ. ರಟ್ಟು ಒತ್ತೀತೆಂದು ಆ ಬಿಳಿ ಹಾಳೆಗಳನ್ನೇ ನಾಲ್ಕೈದು ಪದರ ಹಾಸಿ, ಮೇಲೆ ಹಳೇ ಸೀರೆ ಹೊದಿಸಿದಳು. ತೊಟ್ಟಿಲಾದೆನಲ್ಲ ಅಂತ ನನಗೂ ಜಂಬ. ಆದರೆ ಕೂಸು ಉಚ್ಚೆ ಹೊಯ್ದು ಹಾಳೆಗಳು ನೆನೆದವು. ಎಲ್ಲ ಗೊತ್ತಿದ್ದೂ ಕೂಗಲಾಗದೆ ಒದ್ದಾಡಿದೆ. ಬಾಯಿಲ್ಲದ ಜನ್ಮ ನನ್ನದು.

ಕೂಸು ಕೆಮ್ಮಿದಾಗ ಶೀತವೆಂದುಕೊಂಡು ಇನ್ನಷ್ಟು ಬೆಚ್ಚಗೆ ಹೊದಿಸಿದಳು. ತುಟಿ ನೀಲಿಯಾದದ್ದು ಕಂಡು ಪೆಟ್ಟಿಗೆ ಸಮೇತ ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಡಾಕ್ಟರು ಹಾಳೆ ಮೂಸಿ ಮುಖ ಕಿವುಚಿದರು. ಇದರ ಘಾಟೇ ಮಗುವಿನ ಎದೆಗೆ ಇಳಿದಿದೆ, ಯಾರು ಹಾಸಿದ್ದು ಎಂದು ಕೇಳಿದರು.

“ನಾನೇ ಹಾಸಿದ್ನಲ್ಲಪ್ಪಾ, ಮೆತ್ತಗಿರ್ಲಿ ಅಂತ,” ಅಂದಳು ಕರಿಬಸಮ್ಮ.

ಕೂಸು ಬದುಕಿತು. ಆದರೆ ಈಗಲೂ ಉಸಿರೆಳೆದರೆ ಸುಯ್ ಅನ್ನುತ್ತದೆ. ನಾನು ಅವಳ ಮನೆಯ ಮೂಲೆಯಲ್ಲಿ ಚಿಂದಿಬಟ್ಟೆ ತುಂಬಿಕೊಂಡು ಮುದಿಯಾಗಿದ್ದೇನೆ. ದ್ರಾಕ್ಷಿ ಮಾರುವುದನ್ನು ಅವಳು ಬಿಟ್ಟಿಲ್ಲ, ಬಿಟ್ಟರೆ ಒಲೆ ಉರಿಯುವುದಿಲ್ಲ. ಎಷ್ಟು ಅಗ್ಗ ಅಂತ ಖುಷಿಯಿಂದ ಒಯ್ಯುವವರಿಗೆ ಇವೆಲ್ಲ ಎಲ್ಲಿ ಕಾಣಬೇಕು ಹೇಳಿ.

ಸಂಜೆ ಅವಳು ಬರುತ್ತಲೇ ಕೂಸು ಅಂಬೆಗಾಲಿಕ್ಕಿ ಹೋಗಿ, ಎತ್ತಿಕೋ ಅಂತ ಕೈ ಚಾಚುತ್ತದೆ. ಅವಳು ಮೂರು ಸಲ ಸೋಪು ಹಚ್ಚಿ ಕೈ ತೊಳೆಯುತ್ತಾಳೆ, ಘಾಟು ಇನ್ನೂ ಉಳಿದಿದೆಯೇನೋ ಅಂತ ಮೂಸಿ ನೋಡುತ್ತಾಳೆ, ಆಮೇಲೆ ಆ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂರುತ್ತಾಳೆ. ಕೂಸು ಅಳುತ್ತದೆ. ಅವಳು ಎತ್ತಿಕೊಳ್ಳುವುದಿಲ್ಲ.