ಎರ್ಸಾಯಿನ್‌ಗೆ ಮೂರು ತಂತಿಯ ದೊಂಬ್ರಾ

ಎರ್ಸಾಯಿನ್‌ನ ಅರವತ್ತರ ಔತಣಕ್ಕೆ ಕರೆ ಬಂದ ದಿನದಿಂದ ಕನಿಪಾ ಉಡುಗೊರೆಯ ವಿಚಾರ ಬಿಟ್ಟು ಬೇರೇನನ್ನೂ ಯೋಚಿಸಲಿಲ್ಲ. ಸೆಮೆಯ್ ಊರಿನಲ್ಲಿ ಆ ಮನುಷ್ಯನಿಗಾಗಿ ಇಷ್ಟು ತಲೆ ಕೆಡಿಸಿಕೊಂಡವರು ಇನ್ನೊಬ್ಬರಿರಲಾರರು.

"ಒಂದು ಕಸೂತಿ ನಿಲುವಂಗಿ ಹೊದಿಸಿಬಿಡಮ್ಮ. ಎಲ್ರೂ ಅದನ್ನೇ ತಾನೆ ಕೊಡೋದು?" ಎಂದಳು ಮಗಳು ಅಕ್ಬೋಟಾ.

"ಅವನ ಬೀರು ತುಂಬ ಅದೇ ಇದೆ. ಮಡಚಿಟ್ಟು ಮರೆತುಬಿಡ್ತಾನೆ. ಅವನು ಮರೆಯೋಕಾಗದಂಥದ್ದು ಬೇಕು ನಂಗೆ."

ಕನಿಪಾ, ಎರ್ಸಾಯಿನ್ ಇಬ್ಬರೂ ಸಂಗೀತ ಶಾಲೆಯಲ್ಲಿ ಒಟ್ಟಿಗೆ ದೊಂಬ್ರಾ ಎಂಬ ತಂತಿವಾದ್ಯ ಕಲಿತ ಗೆಳೆಯರು. ಅಲ್ಲಿದ್ದಾಗಲೇ ಒಂದು ವಸಂತದಲ್ಲಿ ಇರ್ತಿಶ್ ನದಿಯ ಮಂಜುಗಡ್ಡೆ ಒಡೆದು ಕನಿಪಾಳ ತಮ್ಮ ಮೌಲೆನ್ ಮುಳುಗಿಹೋದ. ಅವಳು ಅಜ್ಜಿಯ ಹಳೆಯ ದೊಂಬ್ರಾ ಹಿಡಿದು ತಮ್ಮನ ಮೇಲೊಂದು ಕ್ಯುಯ್ ಕಟ್ಟಿದಳು. ಕ್ಯುಯ್ ಎಂದರೆ ಮಾತಿಲ್ಲದೆ ತಂತಿಯಲ್ಲಷ್ಟೇ ಹೇಳುವ ಕತೆ. ನುಡಿಸುವ ಮುಂಚೆ ಅದು ಯಾರದು, ಯಾಕೆ ಹುಟ್ಟಿತು ಎಂದು ಹೇಳುವುದು ವಾಡಿಕೆ. ಅದನ್ನು ಅವಳು ಕೇಳಿಸಿದ್ದು ಎರ್ಸಾಯಿನ್‌ಗೆ ಮಾತ್ರ. ಅವನು ಅತ್ತ. ಮತ್ತೆ ಮತ್ತೆ ನುಡಿಸು ಎಂದ.

ಅವಳು ಮದುವೆಯಾಗಿ ದೊಂಬ್ರಾ ಕೆಳಗಿಟ್ಟಳು. ಕೆಲವು ವರ್ಷಗಳ ಮೇಲೆ, ಹಿಟ್ಟು ನಾದುತ್ತಿದ್ದಾಗ, ರೇಡಿಯೊದಲ್ಲಿ ಅದೇ ಕ್ಯುಯ್ ಬಂತು. ತಾಯಿ ಸತ್ತ ಒಂಟೆಮರಿಯ ಕೂಗು ಕೇಳಿ ತಾನು ಅದನ್ನು ಕಟ್ಟಿದ್ದಾಗಿ ಎರ್ಸಾಯಿನ್ ಹೇಳುತ್ತಿದ್ದ. ಅವನ ಹೆಸರು, ಪದಕ ಎಲ್ಲವೂ ಬಂದದ್ದು ಆ ಒಂಟೆಮರಿಯಿಂದ. ಕನಿಪಾ ಇದೇನೆಂದು ಕೇಳಲು ಹೋದಾಗ ನಕ್ಕಿದ್ದ: "ನೀನು ಏನೋ ಗುನುಗಿದ್ದೆ ಕಣೇ. ಅದನ್ನ ಕ್ಯುಯ್ ಮಾಡಿದ್ದು ನಾನು. ಹೋಗಿ ಹೇಳು, ಯಾರು ನಂಬ್ತಾರೆ ನೋಡೋಣ."

ಯಾರೂ ನಂಬುತ್ತಿರಲಿಲ್ಲ. ಆದರೆ ಅಜ್ಜಿಯ ದೊಂಬ್ರಾಕ್ಕೆ ಮೂರು ತಂತಿಗಳಿದ್ದವು. ಆ ಸೀಮೆಯ ಹಳಬರು ನುಡಿಸುತ್ತಿದ್ದದ್ದು ಅಂಥದ್ದನ್ನೇ. ಎರ್ಸಾಯಿನ್ ಕದ್ದದ್ದನ್ನು ಎಲ್ಲರ ಬಳಿಯೂ ಇರುವ ಎರಡು ತಂತಿಗೆ ಇಳಿಸಿಕೊಂಡಿದ್ದ. ಮೂರನೆಯ ತಂತಿಯಲ್ಲಿ ನಿಲ್ಲದೆ ಹರಿಯುತ್ತಿದ್ದ ನೀರು ಅವನ ನುಡಿಕೆಯಲ್ಲಿ ಇರಲಿಲ್ಲ. ಆ ಜಾಗಕ್ಕೆ ಬಂದಾಗ ಕೈಯನ್ನು ಗಾಳಿಯಲ್ಲಿ ತಿರುವುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಅಲ್ಲಿಗೇ.

ದೊಂಬ್ರಾ ಮಾಡುವ ನೂರ್ಗಾಜಿ ತಲೆ ಕೆರೆದುಕೊಂಡ. "ಮೂರು ತಂತಿದು ಈಗ ಯಾರಕ್ಕ ನುಡಿಸ್ತಾರೆ? ಗೋಡೆಗೆ ಹಾಕೋಕಾ?"

"ನುಡಿಸೋಕೆ. ಮರ ಒಳ್ಳೇದಿರಲಿ, ಬಿರಡೆ ಜಾರಬಾರದು. ವಾದ್ಯ ಸರಿ ಇಲ್ಲ ಅನ್ನೋ ನೆಪ ಅವನಿಗೆ ಸಿಗಬಾರದು."

"ಕೊಡ್ತಿರೋದು ಗೆಳೆಯನಿಗೋ, ಶತ್ರುಗೋ?"

"ನೀನು ಮರ ನೋಡಪ್ಪ."

ದೊಂಬ್ರಾ ಮನೆಗೆ ಬಂದ ಮೇಲೆ ಕನಿಪಾ ಬಾಗಿಲು ಹಾಕಿಕೊಂಡು ನುಡಿಸಿದಳು. ಮೆತ್ತಗಾಗಿದ್ದ ಬೆರಳುಗಳಲ್ಲಿ ಬೊಬ್ಬೆ ಎದ್ದವು. "ಉಡುಗೊರೆನ ನೀನೇ ಸವೆಸಿಬಿಡ್ತೀಯ," ಎಂದು ಅಕ್ಬೋಟಾ ಗದರಿದಳು. ಬೊಬ್ಬೆ ಒಡೆದು ಗಟ್ಟಿಯಾದದ್ದು ಕಂಡು ಕನಿಪಾಳಿಗೆ ಖುಷಿಯಾಯಿತು.

ಔತಣದಲ್ಲಿ ಊರೇ ಇತ್ತು. ಬೇಯಿಸಿದ ಕುದುರೆ ಮಾಂಸದ ತಟ್ಟೆಗಳು ಬಂದಿದ್ದವು. ಎಲ್ಲರಿಗಿಂತ ಹಿರಿಯ ಜುಮಾದಿಲ್ ಅಜ್ಜನ ಮುಂದೆ ಗೌರವದ ಕುರಿತಲೆ ಇತ್ತು. ಕನಿಪಾ ದೊಂಬ್ರಾ ಎತ್ತಿ ಎರ್ಸಾಯಿನ್‌ನ ಕೈಗಿಟ್ಟಳು. ದೊಂಬ್ರಾ ಕೊಟ್ಟವರು ಕೇಳಿದ್ದನ್ನು ಅಲ್ಲೇ ನುಡಿಸಬೇಕೆಂಬುದು ಅವರ ಕಡೆಯ ರೂಢಿ.

"ನಿನ್ನ ಒಂಟೆಮರಿ ನುಡಿಸು," ಎಂದಳು.

ಅವನು ತಂತಿ ಎಣಿಸಿದ. ಮುಖದ ನಗು ಹಾಗೇ ಇತ್ತು, ಕಿವಿ ಕೆಂಪಾಯಿತು. ನುಡಿಸತೊಡಗಿದ. ಶ್ರುತಿಯೇ ಬೇರೆ, ಬೆರಳಿಟ್ಟಲ್ಲೆಲ್ಲ ತಪ್ಪು ಸ್ವರ ಹೊರಟಿತು. ಎರಡು ಸಲ ಶುರುಮಾಡಿದ, ಎರಡು ಸಲವೂ ಎಡವಿದ.

"ಏನೋ ಮಗಾ, ನೀನು ಹೆತ್ತ ಮರಿ ನಿನ್ನೇ ಒದೀತಿದೆ?" ಎಂದ ಜುಮಾದಿಲ್ ಅಜ್ಜ. ನಗೆ ಎದ್ದಿತು.

"ಇದು ಮ್ಯೂಸಿಯಂ ಸಾಮಾನು ಅಜ್ಜ. ಇದರಲ್ಲಿ ಈ ಕ್ಯುಯ್ ಬರೋದೇ ಇಲ್ಲ. ಬೇಕಾದ್ರೆ ತಂದವಳೇ ನುಡಿಸಲಿ!"

ಕನಿಪಾ ಕೈ ಚಾಚಿದಳು.

ಅವಳು ನುಡಿಸಿದಾಗ ಮೂರನೆಯ ತಂತಿ ನಿಲ್ಲಲೇ ಇಲ್ಲ. ಅದರ ಮೇಲೆ ಉಳಿದೆರಡು ತಂತಿಗಳು ಯಾರನ್ನೋ ಕೂಗಿ ಕೂಗಿ ಸೋತವು. ಊಟ ನಿಂತಿತು. ಎರ್ಸಾಯಿನ್ ಕೈ ತಿರುವುತ್ತಿದ್ದ ಜಾಗ ಬಂದಾಗ ಮುದುಕಿಯೊಬ್ಬಳು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು.

"ಇದು ಯಾರದಮ್ಮ?" ಅಜ್ಜ ಕೇಳಿದ.

"ನನ್ನ ಗೆಳೆಯನ್ನೇ ಕೇಳಿ."

ಎರ್ಸಾಯಿನ್ ಅವಳ ಕಡೆ ಬಾಗಿ ಪಿಸುಗುಟ್ಟಿದ. "ಮಾನ ಕಳೀಬೇಡ ಕಣೇ. ಮುಂದಿನ ಕಛೇರೀಲಿ ಮೌಲೆನ್ ಹೆಸರು ಹೇಳ್ತೀನಿ. ಆಣೆ. ಆ ಮೂರನೇ ತಂತಿ ಒಂದು ಕಲಿಸಿಕೊಡು."

"ಮುಂದಿನದು ಬೇಡ. ಈಗ. ಗಟ್ಟಿಯಾಗಿ."

ಅವನು ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. "ಕನಿಪಾದು," ಎಂದ. "ಮುಳುಗಿಹೋದ ತಮ್ಮನ ಮೇಲೆ ಕಟ್ಟಿದ್ದು."

"ಅವನಿಗೆ ಹೆಸರಿತ್ತು."

"ಮೌಲೆನ್," ಎಂದ ಎರ್ಸಾಯಿನ್. ಅವನ ಹೆಂಡತಿ ತಟ್ಟೆ ಹಿಡಿದುಕೊಂಡು ಒಳಗೆ ಹೋದಳು.

ಕನಿಪಾ ದೊಂಬ್ರಾವನ್ನು ಅವನ ತೊಡೆಯ ಮೇಲಿಟ್ಟಳು. ಎದೆ ಹಗುರವಾಗಿತ್ತು, ಹಸಿವೆ ಕೂಡ ಆಗಿತ್ತು.

"ಕಲಿಸ್ತೀಯಾ?" ಅವನು ಕೇಳಿದ.

"ಇದನ್ನ ತಗೊಂಡು ಮನೆಗೆ ಬಾ. ನನ್ನ ಮೊಮ್ಮಕ್ಕಳೂ ಕಲೀತಿದಾರೆ. ಅವರು ಒಳಗೆ, ಗೌರವದ ಜಾಗದಲ್ಲಿ ಕೂತಿರ್ತಾರೆ. ನಿಂಗೆ ಬಾಗಿಲ ಹತ್ರ, ಚಪ್ಪಲಿ ಬಿಡೋ ಕಡೆ, ಜಾಗ ಮಾಡಿಕೊಡ್ತೀನಿ."